ಓದುಗರ ಪ್ರಶ್ನೆಗಳು: ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿರಬೇಕು?

ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವ ಅಡ್ಮಿನ್ ಅಕೌಂಟ್ ದಿನದ ಕೆಲಸಕ್ಕೆ ಬೇಡ, ಆ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಸಾಕು ಎಂದು ಹೋದ ಸಂಚಿಕೆಯಲ್ಲಿ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿದ ಮೇಲೆ, ಎರಡು ಸಾಲಿನಲ್ಲಿ ಮುಗಿಸಬಾರದಿತ್ತು ಅನ್ನಿಸಿತು. ಈ ಸಲದ ಪುಟ ಪೂರ್ತಿ ಅದಕ್ಕೇ.

ಮೇಡಂ, ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು ಎಲ್ಲರೂ ಒಂದೇ ಅಕೌಂಟಿನಲ್ಲಿ ಬಳಸುತ್ತೇವೆ. ಮಗ ಹೊಸ ಆಟ ಹಾಕುವಾಗೆಲ್ಲ ಸ್ಕ್ರೀನ್ ಮಬ್ಬಾಗಿ ಏನೋ ಕೇಳುತ್ತದೆ. ಅವನು ಓದುವುದೇ ಇಲ್ಲ, ಯೆಸ್ ಒತ್ತಿಬಿಡುತ್ತಾನೆ. ಈಗ ಬ್ರೌಸರ್ ತೆರೆದರೆ ಗೊತ್ತಿಲ್ಲದ ಯಾವುದೋ ಸರ್ಚ್ ಪುಟ ಬರುತ್ತಿದೆ. ಆ ಪ್ರಶ್ನೆಯೇ ಬರದ ಹಾಗೆ ಮಾಡಬಹುದಾ? ಇಲ್ಲ ಅವನಿಗೆ ಬೇರೆ ಅಕೌಂಟ್ ಮಾಡಬೇಕಾ?

ಪ್ರಶ್ನೆ ಬರುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಬೇರೆ ಅಕೌಂಟ್ ಮಾಡಿ. ಮಗನಿಗೊಬ್ಬನಿಗೇ ಅಲ್ಲ, ನಿಮಗೂ ನಿಮ್ಮ ಯಜಮಾನರಿಗೂ ಸಹ.

ಸ್ಕ್ರೀನ್ ಮಬ್ಬಾಗುವುದಕ್ಕೆ ಒಂದು ಕಾರಣ ಇದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ, ಹಾಕುವ ಹೊತ್ತಿನಲ್ಲಿ ಮಾಡಿದ ಅಕೌಂಟುಗಳೆಲ್ಲ ಅಡ್ಮಿನ್ ಆಗಿರುತ್ತಿದ್ದವು. ನೀವು ತೆರೆದ ಪ್ರತಿ ಪ್ರೋಗ್ರಾಮ್‌ಗೂ ಕಂಪ್ಯೂಟರಿನ ಯಾವ ಮೂಲೆಗೆ ಬೇಕಾದರೂ ಕೈ ಹಾಕುವ ಅಧಿಕಾರ ಸಿಗುತ್ತಿತ್ತು. 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ತಾದಲ್ಲಿ ಇದು ಬದಲಾಯಿತು. ಅಲ್ಲಿಂದ ಮುಂದೆ ಅಡ್ಮಿನ್ ಅಕೌಂಟಿನಲ್ಲಿದ್ದರೂ ಪ್ರೋಗ್ರಾಮ್‌ಗಳು ಸಾಮಾನ್ಯ ಅಧಿಕಾರದಲ್ಲೇ ಓಡುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದಾಗ ಮಾತ್ರ ನಿಮ್ಮನ್ನು ಕೇಳುತ್ತವೆ. ಹಾಗೆ ಕೇಳುವಾಗ ವಿಂಡೋಸ್ ಉಳಿದದ್ದನ್ನೆಲ್ಲ ಹಿಂದೆ ಸರಿಸಿ, ಆ ಪ್ರಶ್ನೆಯನ್ನು ಬೇರೆಯದೇ ಒಂದು ಪರದೆಯ ಮೇಲೆ ತೋರಿಸುತ್ತದೆ. ಬೇರೆ ಯಾವುದೋ ಪ್ರೋಗ್ರಾಮ್ ನಿಮ್ಮ ಪರವಾಗಿ ಯೆಸ್ ಒತ್ತಬಾರದು ಎಂದೇ ಈ ಏರ್ಪಾಡು.

ಮುಂದಿನ ಸಲ ಆ ಚೌಕ ಬಂದಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಪ್ರೋಗ್ರಾಮ್ ಹೆಸರು ಇರುತ್ತದೆ. ಅದನ್ನು ಮಾಡಿದವರು ಯಾರು ಎಂದು ಇರುತ್ತದೆ. ಮಾಡಿದವರ ಗುರುತು ಖಾತ್ರಿಯಾಗದಿದ್ದರೆ ಮೇಲಿನ ಪಟ್ಟಿ ಹಳದಿ ಬಣ್ಣದ್ದು. ಕೆಳಗೆ ‘ಶೋ ಮೋರ್ ಡೀಟೇಲ್ಸ್’ ಒತ್ತಿದರೆ ಆ ಫೈಲ್ ಯಾವ ಫೋಲ್ಡರಿನಲ್ಲಿದೆ ಎಂಬುದೂ ಕಾಣುತ್ತದೆ. ಇದೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈಗ ತಾನೇ ನಾನು ಏನನ್ನಾದರೂ ಹಾಕಲು ಹೊರಟಿದ್ದೆನಾ? ಇಲ್ಲ ಅಂದರೆ ನೋ ಒತ್ತಿ. ನಿಜವಾಗಿ ಬೇಕಾದದ್ದೇ ಆಗಿದ್ದರೆ ಇನ್ನೊಮ್ಮೆ ಕೇಳಿಯೇ ಕೇಳುತ್ತದೆ.

ಅಕೌಂಟ್ ಬದಲಿಸುವಾಗ ಕ್ರಮ ತಪ್ಪಬಾರದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ತೆರೆಯಿರಿ. ಮೊದಲು ಹೊಸದೊಂದು ಅಕೌಂಟ್ ಸೇರಿಸಿ. ಇಮೇಲ್ ಕೇಳಿದರೆ, ಈ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಎಂಬ ಅರ್ಥದ ಲಿಂಕ್ ಕೆಳಗಿರುತ್ತದೆ. ಅದನ್ನು ಒತ್ತಿ ಮುಂದೆ ಹೋದರೆ ಇಮೇಲ್ ಇಲ್ಲದೆಯೂ ಅಕೌಂಟ್ ಆಗುತ್ತದೆ. ‘ಚೇಂಜ್ ಅಕೌಂಟ್ ಟೈಪ್’ನಲ್ಲಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಈಗ ಸೈನ್ ಔಟ್ ಆಗಿ, ಹೊಸ ಅಕೌಂಟಿನಿಂದ ಒಳಗೆ ಬನ್ನಿ. ಪಾಸ್‌ವರ್ಡ್ ಸರಿಯಾಗಿದೆ, ಒಳಗೆ ಬರಲು ಆಗುತ್ತದೆ ಎಂದು ಕಣ್ಣಾರೆ ನೋಡಿ. ಆಮೇಲಷ್ಟೇ ಇಲ್ಲಿಂದ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್ ಯೂಸರ್ ಮಾಡಿ. ಹಳೆಯ ಅಕೌಂಟಿನ ಫೋಟೋ, ಫೈಲು ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ಯಾರ ಸಾಮಾನು ಜಾಸ್ತಿ ಇದೆಯೋ ಅವರೇ ಅದನ್ನು ಇಟ್ಟುಕೊಳ್ಳಲಿ, ಉಳಿದವರಿಗೆ ಒಂದೊಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ. ಒಬ್ಬರಿಂದ ಒಬ್ಬರಿಗೆ ಫೈಲ್ ದಾಟಿಸಲು ಯೂಸರ್ಸ್ ಫೋಲ್ಡರಿನೊಳಗೆ ‘ಪಬ್ಲಿಕ್’ ಅಂತ ಒಂದು ಇರುತ್ತದೆ, ಎಲ್ಲರಿಗೂ ತೆರೆಯುತ್ತದೆ.

ಹೊಸ ಅಡ್ಮಿನ್ ಅಕೌಂಟಿನಲ್ಲಿ ಯಾರೂ ದಿನಾ ಕೂರಬೇಡಿ. ಮೇಲ್ ಬೇಡ, ಬ್ರೌಸರ್ ಬೇಡ. ಅದರ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ನಾಲ್ಕಂಕಿಯ ಪಿನ್ ಇಡಬೇಡಿ. ಮಕ್ಕಳ ಕಣ್ಣು ಚುರುಕು, ಹಿಂದೆ ನಿಂತು ಒಮ್ಮೆ ನೋಡಿದರೆ ಸಾಕು.

ನಿಮ್ಮ ಬ್ರೌಸರಿಗೆ ಈಗಾಗಲೇ ಬಂದು ಕೂತಿರುವುದನ್ನು ಇದು ಓಡಿಸುವುದಿಲ್ಲ. ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿ, ಗುರುತಿಲ್ಲದ್ದನ್ನು ತೆಗೆಯಿರಿ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ (ಬ್ರೌಸರಿಗೆ ಸೇರಿಸುವ ಚಿಕ್ಕ ಪ್ರೋಗ್ರಾಮ್‌ಗಳು) ನೋಡಿ. ಅವುಗಳನ್ನು ಹಾಕಲು ಅಡ್ಮಿನ್ ಅನುಮತಿಯೇ ಬೇಕಾಗುವುದಿಲ್ಲ. ಹಾಗಾಗಿ ಹೊಸ ಏರ್ಪಾಡಾದ ಮೇಲೂ ಅದರ ಮೇಲೆ ಒಂದು ಕಣ್ಣಿರಲಿ.

ನನ್ನದು ಕಂಪ್ಯೂಟರ್ ಕೆಲಸವೇ. 15 ವರ್ಷದಿಂದ ಅಡ್ಮಿನ್ ಅಕೌಂಟಿನಲ್ಲೇ ಇದ್ದೇನೆ, ಒಂದು ವೈರಸ್ಸೂ ಬಂದಿಲ್ಲ. ಗೊತ್ತಿಲ್ಲದವರಿಗೆ ಸ್ಟ್ಯಾಂಡರ್ಡ್ ಅಕೌಂಟ್ ಸರಿ. ನಮ್ಮಂಥವರಿಗೆ ಯಾಕೆ?

ನಿಮ್ಮ ತಿಳಿವಳಿಕೆಯ ಬಗ್ಗೆ ನನಗೆ ಅನುಮಾನ ಇಲ್ಲ ಸರ್. ಆದರೆ ಇದು ಗೊತ್ತಿರುವುದು, ಗೊತ್ತಿಲ್ಲದಿರುವುದರ ಮಾತಲ್ಲ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು, ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ಪ್ರೋಗ್ರಾಮೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಲ್ಲಿ ಓಡಬೇಕು ಎಂದು ಬರೆದರು. ಅವರು ಕೊಟ್ಟ ಕಾರಣ ನೋಡಿ: ಆಕಸ್ಮಿಕವೋ ತಪ್ಪೋ ಆದಾಗ ಹಾನಿ ಹರಡಬಾರದು. ಕೈತಪ್ಪು ಬಲ್ಲವರಿಗೂ ಆಗುತ್ತದೆ.

ನನಗೇ ಆಗಿದೆ. ಒಂದು ರಾತ್ರಿ, ಬೆಳಗ್ಗೆಯೊಳಗೆ ಮುಗಿಸಲೇಬೇಕಾದ ಕೆಲಸ. ಎರಡು ಪಿಡಿಎಫ್ ಜೋಡಿಸಲು ಒಂದು ಪ್ರೋಗ್ರಾಮ್ ಬೇಕಿತ್ತು. ಹುಡುಕಿದೆ, ಮೇಲೆ ಕಂಡ ಲಿಂಕ್ ಒತ್ತಿದೆ. ಅದು ನಾನು ಹುಡುಕುತ್ತಿದ್ದ ಪ್ರೋಗ್ರಾಮಿನ ಪುಟವಾಗಿರಲಿಲ್ಲ, ಅದರಂತೆ ಕಾಣುವ ಜಾಹೀರಾತು. ಸ್ಕ್ರೀನ್ ಮಬ್ಬಾಯಿತು. ಹಳದಿ ಪಟ್ಟಿ ನನ್ನ ಕಣ್ಣೆದುರೇ ಇತ್ತು. ಆದರೆ ದಿನಕ್ಕೆ ಹತ್ತು ಸಲ ಯೆಸ್ ಒತ್ತಿ ಒತ್ತಿ ಬೆರಳಿಗೆ ಅಭ್ಯಾಸವಾಗಿತ್ತು, ಒತ್ತಿಬಿಟ್ಟೆ. ಆ ರಾತ್ರಿ ಪಿಡಿಎಫ್ ಕೆಲಸ ಹಾಗೇ ಉಳಿಯಿತು, ಒಳಗೆ ಬಂದ ಮೂರು ಪ್ರೋಗ್ರಾಮ್‌ಗಳನ್ನು ಕಿತ್ತುಹಾಕುವುದರಲ್ಲೇ ಬೆಳಗಾಯಿತು.

ಮಾರನೆಯ ದಿನವೇ ನಾನು ಸ್ಟ್ಯಾಂಡರ್ಡ್ ಅಕೌಂಟಿಗೆ ಬದಲಾದೆ. ಇಲ್ಲಿ ಯೆಸ್ ಒತ್ತಿದರೆ ಆಗುವುದಿಲ್ಲ, ಅಡ್ಮಿನ್ ಪಾಸ್‌ವರ್ಡ್ ಹಾಕಬೇಕು. ನನ್ನದು 16 ಅಕ್ಷರದ್ದು. ಅದನ್ನು ಟೈಪ್ ಮಾಡಲು ಹಿಡಿಯುವ ಹೊತ್ತಿನಲ್ಲಿ, ಏನು ಮಾಡುತ್ತಿದ್ದೇನೆ ಎಂದು ನೋಡಲು ಸಮಯ ಸಿಗುತ್ತದೆ. ಅಭ್ಯಾಸದಿಂದ ಯೆಸ್ ಒತ್ತಬಹುದು, ಅಭ್ಯಾಸದಿಂದ 16 ಅಕ್ಷರ ಬರೆಯುವುದು ಕಷ್ಟ.

ಇದರಿಂದ ಎಲ್ಲವೂ ಭದ್ರ ಎಂದು ನಾನು ಹೇಳುವುದಿಲ್ಲ. ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ರಾನ್ಸಮ್‌ವೇರ್‌ಗೆ ನಿಮ್ಮ ಫೋಟೋಗಳನ್ನು ಹಾಳುಮಾಡಲು ಅಡ್ಮಿನ್ ಆಗಬೇಕಿಲ್ಲ. ಅವು ನಿಮ್ಮವೇ, ನಿಮ್ಮ ಅಕೌಂಟಿನಲ್ಲಿ ಓಡುವ ಪ್ರೋಗ್ರಾಮ್ ಅವನ್ನು ಬದಲಿಸಬಲ್ಲದು. ಅದಕ್ಕೆ ಬೇರೆ ಮದ್ದು: ಒಂದು ಎಕ್ಸ್‌ಟರ್ನಲ್ ಡ್ರೈವಿಗೆ ಬ್ಯಾಕಪ್ ಮಾಡಿ, ಮುಗಿದ ಕೂಡಲೇ ಕೇಬಲ್ ಕಿತ್ತಿಡುವುದು.

ಹೊಸದಾಗಿ ಲಿನಕ್ಸ್ ಹಾಕಿದ್ದೇನೆ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಅಡ್ಮಿನ್ ಅಧಿಕಾರ ಕೊಡುವ ಸುಡೊ ಎಂಬ ಆಜ್ಞೆ ಬಳಸಿದರೆ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡಿದರೆ ಏನೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯಾ?

ಇಲ್ಲ, ಕೀಬೋರ್ಡ್ ಚೆನ್ನಾಗಿದೆ. ಪಾಸ್‌ವರ್ಡ್ ಎಷ್ಟು ಉದ್ದ ಇದೆ ಎಂಬುದೂ ಪಕ್ಕದವರಿಗೆ ತಿಳಿಯಬಾರದು ಎಂದು ಹಾಗೆ ಮಾಡಿದ್ದಾರೆ. ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ. ಲಿನಕ್ಸ್ ಮಿಂಟ್‌ನಂಥ ಕೆಲವದರಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಆ ಟರ್ಮಿನಲ್‌ನಲ್ಲಿ ಕೆಲವು ನಿಮಿಷ ಮತ್ತೆ ಕೇಳುವುದಿಲ್ಲ, ಎದ್ದು ಹೋಗುವಾಗ ಮುಚ್ಚಿ ಹೋಗಿ.

ಹಳೆಯ ಕಂಪ್ಯೂಟರ್ ಕೆಟ್ಟುಹೋಯಿತು. ಅದರ ಹಾರ್ಡ್ ಡಿಸ್ಕ್ ತೆಗೆದು ಹೊಸದಕ್ಕೆ ಜೋಡಿಸಿದ್ದೇನೆ. ತೀರಿಕೊಂಡ ನಮ್ಮ ತಂದೆಯವರ ಫೋಲ್ಡರ್ ಒತ್ತಿದರೆ ನಿಮಗೆ ಅನುಮತಿ ಇಲ್ಲ ಎನ್ನುತ್ತದೆ. ಹೊಸ ಕಂಪ್ಯೂಟರಿಗೆ ನಾನೇ ಅಡ್ಮಿನ್. ಅಪ್ಪನ ಫೋಟೋಗಳು ಹೋದವಾ ಮೇಡಂ?

ಗಾಬರಿಯಾಗಬೇಡಿ. ಅನುಮತಿ ಇಲ್ಲ ಎಂದರೆ ಫೋಟೋ ಇಲ್ಲ ಎಂದಲ್ಲ. ಅವು ಅಲ್ಲೇ ಇರುವ ಸಂಭವವೇ ಜಾಸ್ತಿ.

ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಅಕೌಂಟಿಗೂ ಒಂದು ಉದ್ದನೆಯ ಸಂಖ್ಯೆ ಕೊಟ್ಟಿರುತ್ತದೆ. ಈ ಫೋಲ್ಡರ್ ಯಾರದ್ದು, ಯಾರು ತೆರೆಯಬಹುದು ಎಂಬುದನ್ನು ಆ ಸಂಖ್ಯೆಯ ಲೆಕ್ಕದಲ್ಲೇ ಡಿಸ್ಕಿನ ಮೇಲೆ ಬರೆದಿಡುತ್ತದೆ. ನೀವು ಹೊಸ ಕಂಪ್ಯೂಟರಿನಲ್ಲಿ ನಿಮ್ಮ ತಂದೆಯವರ ಹೆಸರಿನಲ್ಲೇ ಅಕೌಂಟ್ ಮಾಡಿದರೂ ಅದಕ್ಕೆ ಸಿಗುವುದು ಬೇರೆ ಸಂಖ್ಯೆ. ಹಳೆಯ ಸಂಖ್ಯೆಯವರು ಯಾರು ಎಂದು ಈ ಕಂಪ್ಯೂಟರಿಗೆ ತಿಳಿಯದು.

ಫೋಲ್ಡರ್ ತೆರೆಯಲು ಹೋದಾಗ ‘ಕಂಟಿನ್ಯೂ’ ಎಂಬ ಬಟನ್ ಬರುತ್ತದೆ ಅಲ್ವಾ? ಅದನ್ನು ಒತ್ತಿ ಕಾಯಿರಿ. ಫೋಟೋ ಜಾಸ್ತಿ ಇದ್ದರೆ ಹಸಿರು ಗೆರೆ ನಿಧಾನವಾಗಿ ಸರಿಯುತ್ತದೆ, ನಡುವೆ ನಿಲ್ಲಿಸಬೇಡಿ. ನಿಮ್ಮ ಅಕೌಂಟನ್ನು ಅನುಮತಿಯ ಪಟ್ಟಿಗೆ ಸೇರಿಸುವ ಕೆಲಸ ಅದು. ಅದರಿಂದ ಆಗದಿದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ. ಮೇಲೆ ‘ಓನರ್’ ಎಂದಿರುತ್ತದೆ. ಪಕ್ಕದ ‘ಚೇಂಜ್’ ಒತ್ತಿ ನಿಮ್ಮ ಅಕೌಂಟಿನ ಹೆಸರು ಕೊಡಿ. ಒಳಗಿನ ಎಲ್ಲ ಫೋಲ್ಡರುಗಳಿಗೂ ಓನರ್ ಬದಲಿಸು ಎಂಬ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಆಮೇಲೆ ಫೋಲ್ಡರನ್ನು ಮತ್ತೆ ತೆರೆದು ನೋಡಿ. ತೆರೆದ ಕೂಡಲೇ ಎಲ್ಲವನ್ನೂ ಹೊಸ ಡಿಸ್ಕಿಗೆ ಕಾಪಿ ಮಾಡಿ. ವಿಂಗಡಿಸುವುದು, ಹೆಸರು ಹಾಕುವುದು ಎಲ್ಲ ಆಮೇಲೆ.

ಈ ದಾರಿ ಸಾಗದ ಸಂದರ್ಭವೂ ಇದೆ. ತಂದೆಯವರು ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬದಲಿಸಿದ್ದರೆ, ಓನರ್ ಬದಲಿಸಿದರೂ ತೆರೆಯುವುದಿಲ್ಲ. ಇಡೀ ಡ್ರೈವನ್ನೇ ಹೀಗೆ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿದ್ದರೆ ಒಳಗೆ ಹೋಗುವ ಮೊದಲೇ 48 ಅಂಕಿಯ ಕೀ ಕೇಳುತ್ತದೆ. ನಿಮಗೆ ಫೋಲ್ಡರ್ ಕಾಣುತ್ತಿದೆ ಎಂದ ಮೇಲೆ ಬಿಟ್‌ಲಾಕರ್ ಅಡ್ಡಿ ಇಲ್ಲ, ಸಮಾಧಾನವಾಗಿರಿ.

ಒಂದು ಮಾತು. ಈ ಓನರ್ ಬದಲಿಸುವ ಕೆಲಸವನ್ನು ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಮೇಲೆ ಯಾವತ್ತೂ ಮಾಡಬೇಡಿ. ಅಲ್ಲಿ ಓನರ್ ಜಾಗದಲ್ಲಿ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂದಿರುತ್ತದೆ. ಅಡ್ಮಿನ್ ಕೂಡ ಕೈತಪ್ಪಿ ಅಳಿಸಬಾರದು ಎಂದೇ ಅದನ್ನು ಅಲ್ಲಿ ಇಟ್ಟಿರುವುದು.

ನಿಮ್ಮ ಮಾತು ಕೇಳಿ ನನ್ನ ಅಕೌಂಟಿನಿಂದ ಅಡ್ಮಿನ್ ತೆಗೆದೆ. ಈಗ ಏನು ಮಾಡಿದರೂ ಪ್ರಶ್ನೆ ಬರುತ್ತದೆ, ಆದರೆ ಯೆಸ್ ಬಟನ್ ಕೆಲಸ ಮಾಡುವುದಿಲ್ಲ. ಪಾಸ್‌ವರ್ಡ್ ಹಾಕುವ ಜಾಗವೂ ಇಲ್ಲ.

ಎರಡು ಸಾಲಿನಲ್ಲಿ ಬರೆದು ನಾನೇ ತಪ್ಪು ಮಾಡಿದೆ, ಮೊದಲು ಇನ್ನೊಂದು ಅಡ್ಮಿನ್ ಅಕೌಂಟ್ ಬೇಕು ಎಂದು ಅಲ್ಲೇ ಹೇಳಬೇಕಿತ್ತು. ನಿಮ್ಮ ಕಂಪ್ಯೂಟರಿನಲ್ಲಿ ಈಗ ಚಾಲ್ತಿಯಲ್ಲಿರುವ ಅಡ್ಮಿನ್ ಒಬ್ಬರೂ ಇಲ್ಲ. ಯಾರ ಪಾಸ್‌ವರ್ಡ್ ಕೇಳಬೇಕು ಎಂದು ಅದಕ್ಕೆ ತೋಚುತ್ತಿಲ್ಲ.

ಮೊದಲು ನಿಮ್ಮ ಫೈಲುಗಳನ್ನೆಲ್ಲ ಬೇರೆ ಡ್ರೈವಿಗೆ ಕಾಪಿ ಮಾಡಿ. ಅದಕ್ಕೆ ಅಡ್ಮಿನ್ ಬೇಡ. ಬಿಟ್‌ಲಾಕರ್ ಇದ್ದರೆ ಅದರ ಕೀ ಹುಡುಕಿ ಹತ್ತಿರ ಇಟ್ಟುಕೊಳ್ಳಿ. ಆಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಸೇಫ್ ಮೋಡ್‌ಗೆ (ತೀರಾ ಬೇಕಾದದ್ದಷ್ಟರಲ್ಲೇ ವಿಂಡೋಸ್ ಓಡುವ ಸ್ಥಿತಿ) ಹೋಗಿ. ವಿಂಡೋಸ್ ಜೊತೆಗೇ ಬರುವ, ಸಾಮಾನ್ಯವಾಗಿ ಮುಚ್ಚಿರುವ ಅಡ್ಮಿನಿಸ್ಟ್ರೇಟರ್ ಅಕೌಂಟ್ ಒಂದಿದೆ. ಬೇರೆ ಅಡ್ಮಿನ್ ಇಲ್ಲದಿದ್ದಾಗ ಸೇಫ್ ಮೋಡ್‌ನಲ್ಲಿ ಅದರಿಂದ ಒಳಗೆ ಹೋಗಲು ಬಿಡುತ್ತದೆ. ಒಳಗೆ ಹೋಗಿ ಕಂಟ್ರೋಲ್ ಪ್ಯಾನೆಲ್‌ನಿಂದ ನಿಮ್ಮ ಅಕೌಂಟನ್ನು ಮತ್ತೆ ಅಡ್ಮಿನ್ ಮಾಡಿ. ಆಮೇಲೆ ಮೊದಲ ಪತ್ರಕ್ಕೆ ಹೇಳಿದ ಕ್ರಮದಲ್ಲಿ ಹೋಗಿ. ಆ ಅಕೌಂಟ್ ಕಾಣದಿದ್ದರೆ ವಿಂಡೋಸ್ ಹೊಸದಾಗಿ ಹಾಕಬೇಕಾಗಬಹುದು, ಅದಕ್ಕೇ ಮೊದಲು ಕಾಪಿ ಮಾಡಿ ಎಂದದ್ದು.

ಆಂಟಿ, ನನಗೆ 13 ವರ್ಷ. ಅಮ್ಮ ನನ್ನ ಅಕೌಂಟನ್ನು ಸ್ಟ್ಯಾಂಡರ್ಡ್ ಮಾಡಿದ್ದಾರೆ. ನನ್ನ ಹತ್ತಿರ ಒಂದು ಹಳೇ ಆಟ ಇದೆ. ಅದನ್ನು ತೆರೆಯುವಾಗೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅಮ್ಮ ಕೆಲಸಕ್ಕೆ ಹೋದಾಗ ಆಡಲು ಆಗುವುದೇ ಇಲ್ಲ. ಅಮ್ಮನಿಗೆ ನೀವೇ ಹೇಳಿ.

ಪುಟ್ಟಾ, ಪಾಸ್‌ವರ್ಡ್ ಕೊಡಿ ಎಂದು ಅಮ್ಮನಿಗೆ ನಾನು ಹೇಳುವುದಿಲ್ಲ. ಆದರೆ ನಿನ್ನ ತೊಂದರೆ ನಿಜವಾದದ್ದು, ಅದಕ್ಕೆ ದಾರಿ ಇದೆ.

ಹಳೇ ಆಟಗಳು ಸ್ಕೋರನ್ನೂ ಸೇವ್ ಮಾಡಿದ್ದನ್ನೂ ತಮ್ಮ ಫೋಲ್ಡರಿನಲ್ಲೇ ಬರೆಯಲು ನೋಡುತ್ತವೆ. ಆ ಫೋಲ್ಡರ್ ಇರುವುದು ‘ಪ್ರೋಗ್ರಾಮ್ ಫೈಲ್ಸ್’ ಒಳಗೆ. ಅಲ್ಲಿ ಬರೆಯಲು ಸ್ಟ್ಯಾಂಡರ್ಡ್ ಅಕೌಂಟಿಗೆ ಬಿಡುವುದಿಲ್ಲ. ಬಹಳಷ್ಟು ಸಲ ಆಟಕ್ಕೆ ಅಡ್ಮಿನ್ ಬೇಕಾಗುವುದು ಇಷ್ಟಕ್ಕೇ. ಆಟವನ್ನು ಒಮ್ಮೆ ತೆಗೆದು, ಸಿ ಡ್ರೈವಿನಲ್ಲಿ ‘ಆಟ’ ಎಂಬ ಹೊಸ ಫೋಲ್ಡರ್ ಮಾಡಿ, ಅದರೊಳಗೆ ಹಾಕಲು ಅಮ್ಮನಿಗೆ ಹೇಳು. ತೆಗೆಯುವ ಮೊದಲು ಸೇವ್ ಫೈಲುಗಳನ್ನು ಕಾಪಿ ಮಾಡಿಟ್ಟುಕೊ. ಆಟದ ಐಕಾನಿನ ಪ್ರಾಪರ್ಟೀಸ್‌ನಲ್ಲಿ, ಕಂಪ್ಯಾಟಿಬಿಲಿಟಿ ಕೆಳಗೆ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ಗೆ ಟಿಕ್ ಇದ್ದರೆ ಅದನ್ನೂ ತೆಗೆಯಲಿ. ಆಮೇಲೂ ಬರೆಯಲು ಬಿಡದಿದ್ದರೆ, ಆ ಫೋಲ್ಡರಿನ ಸೆಕ್ಯೂರಿಟಿಗೆ ಹೋಗಿ ನಿನ್ನ ಅಕೌಂಟಿಗೆ ‘ಮಾಡಿಫೈ’ ಅನುಮತಿ ಕೊಡಬಹುದು. ಆ ಒಂದು ಫೋಲ್ಡರಿಗೆ ಮಾತ್ರ.

ಈ ಪುಟವನ್ನು ಅಮ್ಮನಿಗೆ ತೋರಿಸು. ಅವರು ಬಿಡುವಾಗಿರುವ ಒಂದು ಭಾನುವಾರ ಇಬ್ಬರೂ ಜೊತೆಗೆ ಕೂತು ಮಾಡಿ. ಪಾಸ್‌ವರ್ಡ್ ಹಾಕುವಾಗ ಮಾತ್ರ ನೀನು ಆ ಕಡೆ ತಿರುಗಿಕೊ. ಆಟ ತೆರೆಯಿತಾ ಇಲ್ಲವಾ ಎಂದು ನನಗೆ ಬರೆ.