ತಲೆಗೆ ಡಬ್ಬ ಕಟ್ಕೊಂಡು ಸಿನಿಮಾ ಒಳಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಿನಿಮಾ ಹೆಸರಲ್ಲಿ ಬರೋ ವಿಆರ್ (ವರ್ಚುವಲ್ ರಿಯಾಲಿಟಿ, ಅಂದ್ರೆ ಕಣ್ಣು ಮುಚ್ಚೋ ಹೆಡ್‌ಸೆಟ್ ತಲೆಗೆ ಕಟ್ಕೊಂಡು ಒಳಗೇ ಇದ್ದಂಗೆ ಆಡೋ) ಗೇಮ್‌ಗಳು ನಿಜವಾಗ್ಲೂ ಆಡೋ ಹಾಗಿರ್ತವಾ, ಇಲ್ಲಾ ಬರೀ ಪ್ರಚಾರಕ್ಕೆ ಮಾಡಿ ಬಿಸಾಕಿರ್ತಾರಾ?

ಉತ್ತರ: ಎರಡೂ ಥರದ್ದಿವೆ ಸ್ವಾಮಿ. 2017ರಲ್ಲಿ ಸ್ಪೈಡರ್‌ಮ್ಯಾನ್ ಹೋಮ್‌ಕಮಿಂಗ್ ಸಿನಿಮಾ ಜೊತೆಗೆ ಒಂದು ವಿಆರ್ ಬಂತು, ಫ್ರೀ, ಸೂಟ್ ಹಾಕ್ಕೊಂಡು ನಾಲ್ಕು ಸಲ ಬಲೆ ಹಾರಿಸೋ ಅಷ್ಟರಲ್ಲಿ ಮುಗಿದೇ ಹೋಯ್ತು. ಅದು ಟ್ರೇಲರೇ, ಕೈಯಾಡಿಸೋಕೆ ಬಿಟ್ಟಿದ್ದಾರೆ ಅಷ್ಟೇ. ಬಿಟ್ಟಿ ಸಿಕ್ಕಿದ್ದಕ್ಕೆ ಬೈಯೋ ಹಾಗೂ ಇಲ್ಲ.

ನಾನು ನೋಡೋದು ಒಂದೇ, ಆ ಸಿನಿಮಾದಲ್ಲಿ ಹೀರೋ ಕೈಯಲ್ಲಿ ಮಾಡೋ ಕೆಲಸ ಏನಿದ್ಯೋ ಅದು ನನ್ನ ಕೈಗೆ ಬಂತಾ ಇಲ್ವಾ ಅಂತ. ಸ್ಟಾರ್ ವಾರ್ಸ್‌ನ ವೇಡರ್ ಇಮ್ಮಾರ್ಟಲ್ ತಗೊಳ್ಳಿ, 2019ರಲ್ಲಿ ಬಂದಿದ್ದು, ಮೂರು ಕಂತು, ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ ಒಳಗೇ ಮುಗಿಯುತ್ತೆ. ಕಥೆ ಪರವಾಗಿಲ್ಲ, ಆ ಕಪ್ಪು ಮುಖವಾಡದ ವಿಲನ್ ವೇಡರ್ ಎದುರಿಗೆ ಬಂದು ನಿಂತಾಗ ತಲೆ ಎತ್ತಿ ನೋಡ್ಬೇಕಲ್ಲ, ಆ ಎತ್ತರ ಟೀವಿಯಲ್ಲಿ ಯಾವತ್ತೂ ಗೊತ್ತಾಗಿರ್ಲಿಲ್ಲ. ಆದ್ರೆ ಕಥೆ ಮುಗಿದ ಮೇಲೂ ನಾನು ವಾಪಸ್ ಹೋಗಿದ್ದು ಅದರ ಡೋಜೋಗೆ, ಅಂದ್ರೆ ಅಭ್ಯಾಸದ ಅಖಾಡಕ್ಕೆ, ಅಲ್ಲಿ ಲೈಟ್‌ಸೇಬರ್ (ಬೆಳಕಿನ ಕತ್ತಿ) ಹಿಡ್ಕೊಂಡು ನಿಂತ್ರೆ ಡ್ರಾಯ್ಡ್ ಅನ್ನೋ ರೋಬಾಟ್‌ಗಳು ಅಲೆ ಅಲೆಯಾಗಿ ಬರ್ತಾನೇ ಇರ್ತವೆ, ಗುಂಡನ್ನ ತಿರುಗಿಸಿ ಹೊಡೆದವರ ಮೇಲೇ ಬಿಡೋದು, ಕೈ ಸೋತು ಬೀಳೋವರೆಗೂ ಆಡಿದೀನಿ. ಒಂದೇ ಕೊರತೆ, ಕತ್ತಿಗೆ ಕತ್ತಿ ತಗುಲಿದಾಗ ಕೈಯಲ್ಲಿ ಹಿಡಿದಿರೋ ಕಂಟ್ರೋಲರ್ ಸುಮ್ನೆ ಗುರ್ ಅನ್ನುತ್ತೆ, ಕೈ ಮಾತ್ರ ಗಾಳಿಯಲ್ಲಿ ಮುಂದಕ್ಕೆ ಹೋಗ್ಬಿಡುತ್ತೆ. ತಡೆಯೋದಕ್ಕೆ ಅಲ್ಲೇನೂ ಇಲ್ವಲ್ಲ!

ಐರನ್ ಮ್ಯಾನ್ ವಿಆರ್ ಕಥೆ ಇನ್ನೂ ಮಜ. (ಅದು ಯಾವ್ದೇ ಸಿನಿಮಾ ಕಥೆ ಅಲ್ಲ, ಅದರದ್ದೇ ಬೇರೆ ಕಥೆ, ಆದ್ರೆ ಎಲ್ಲರೂ ತಗೊಳ್ಳೋದು ಸಿನಿಮಾ ನೋಡೇ.) ಅಂಗೈ ಕೆಳಕ್ಕೆ ಹಿಡಿದ್ರೆ ಮೇಲಕ್ಕೆ ಹಾರ್ತೀರ, ಹಿಂದಕ್ಕೆ ಚಾಚಿದ್ರೆ ಮುಂದಕ್ಕೆ ನುಗ್ತೀರ, ಹತ್ತು ನಿಮಿಷ ಆದ್ಮೇಲೆ ಯೋಚನೆನೇ ಮಾಡಲ್ಲ, ಕೈ ತಾನಾಗೇ ಹೋಗುತ್ತೆ. 2020ರಲ್ಲಿ ಪ್ಲೇಸ್ಟೇಷನ್‌ಗೆ ಬಂದಾಗ ತಲೆಯಿಂದ ವೈರ್ ನೇತಾಡ್ತಿತ್ತು, ಕ್ಯಾಮೆರಾ ಇರೋದು ಮುಂದೆ ಒಂದೇ, ಬೆನ್ನು ತಿರುಗಿಸಿದ್ರೆ ಕೈ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗ್ತಿರ್ಲಿಲ್ಲ. 2022ರಲ್ಲಿ ಫೇಸ್‌ಬುಕ್‌ನ ಮೆಟಾ ಕಂಪನಿಯವರ ಕ್ವೆಸ್ಟ್ 2 ಹೆಡ್‌ಸೆಟ್‌ಗೆ ಬಂದಾಗ ವೈರೂ ಹೋಯ್ತು, ಆ ಕಾಟನೂ ಹೋಯ್ತು. ಆಡೋದಾದ್ರೆ ಅದರಲ್ಲೇ ಆಡಿ.

ಪ್ರಶ್ನೆ: ಸಿನಿಮಾ ನೋಡಿಲ್ಲ ಅಂದ್ರೆ ಅರ್ಥ ಆಗುತ್ತಾ?

ಉತ್ತರ: ಆರಾಮಾಗಿ ಆಗುತ್ತೆ. ಕ್ರೀಡ್ ಬಾಕ್ಸಿಂಗ್ ಗೇಮ್ ಆಡೋಕೆ ಆ ಸಿನಿಮಾದ ಒಂದು ಡೈಲಾಗೂ ಬೇಡ. ಸುಮ್ನೆ ಬಡಬಡ ಗುದ್ದಿ ಸುಸ್ತು ಮಾಡ್ಕೊಂಡ್ರೆ ಗೇಮ್ ಒಳಗಿನ ಕೈ ನಿಮ್ಮ ಕೈಗಿಂತ ನಿಧಾನ ಆಗುತ್ತೆ, ಸೋತ ಬಾಕ್ಸರ್ ಅಂದ್ರೆ ಏನು ಅಂತ ಅಲ್ಲೇ ಗೊತ್ತಾಗುತ್ತೆ.

ಪ್ರಶ್ನೆ: ಏಲಿಯನ್ ಸಿನಿಮಾಗಳು ಅಂದ್ರೆ ಪ್ರಾಣ, ಆದ್ರೆ ವಿಆರ್‌ನಲ್ಲಿ ಆಡೋಕೆ ಧೈರ್ಯ ಸಾಲ್ತಿಲ್ಲ.

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಏಲಿಯನ್: ರೋಗ್ ಇನ್‌ಕರ್ಷನ್‌ನಲ್ಲಿ ಮೋಷನ್ ಟ್ರ್ಯಾಕರ್ ಅನ್ನ (ಹತ್ತಿರ ಏನಾದ್ರೂ ಅಲುಗಾಡಿದ್ರೆ ತೋರಿಸೋ ಯಂತ್ರ) ನೀವೇ ಕೈಯಲ್ಲಿ ಎತ್ತಿ ನೋಡ್ಬೇಕು, ಅದನ್ನ ನೋಡ್ತಾ ನಿಂತ್ರೆ ಕಾರಿಡಾರ್ ನೋಡೋಕಾಗಲ್ಲ, ಕಾರಿಡಾರ್ ನೋಡಿದ್ರೆ ಇದರ ಬೀಪ್ ಸದ್ದು ಜಾಸ್ತಿ ಆಗ್ತಾ ಇರುತ್ತೆ, ಏನ್ ಮಾಡ್ತೀರ! ಟೀವಿಯಲ್ಲಾದ್ರೆ ದಿಂಬು ಅಡ್ಡ ಹಿಡೀಬಹುದು. ನನ್ನ ಕೇಳಿದ್ರೆ ಮೊದಲು ಜುರಾಸಿಕ್ ವರ್ಲ್ಡ್ ಆಫ್ಟರ್‌ಮ್ಯಾತ್ ಆಡಿ ನೋಡಿ, ಅದರಲ್ಲೂ ರಾಪ್ಟರ್ ಡೈನೋಸಾರ್‌ಗಳಿಂದ ಬಚ್ಚಿಟ್ಕೊಳ್ಳೋದೇ ಕೆಲಸ, ಆದ್ರೆ ಚಿತ್ರ ಎಲ್ಲಾ ಕಾಮಿಕ್ಸ್ ಥರ ಬಿಡಿಸಿರೋದ್ರಿಂದ ಎದೆ ಅಷ್ಟು ಹೊಡ್ಕೊಳ್ಳಲ್ಲ. ಅದನ್ನೇ ತಡ್ಕೊಳ್ಳೋಕಾಗಿಲ್ಲ ಅಂದ್ರೆ ಏಲಿಯನ್ನ ಸಿನಿಮಾದಲ್ಲೇ ಬಿಟ್ಬಿಡಿ.

ಪ್ರಶ್ನೆ: ಹತ್ತು ನಿಮಿಷ ಆಡಿದ್ರೆ ತಲೆ ಗಿರ್ ಅಂತಿದೆ, ವಾಂತಿ ಬಂದಂಗಾಗುತ್ತೆ. ಅಭ್ಯಾಸ ಆಗುತ್ತಾ?

ಉತ್ತರ: ತುಂಬಾ ಜನಕ್ಕೆ ಆಗುತ್ತೆ, ಎಲ್ಲರಿಗೂ ಆಗಲ್ಲ. ಕಣ್ಣು ಓಡ್ತಿದೀನಿ ಅನ್ನುತ್ತೆ, ಒಳಕಿವಿ ಕೂತಲ್ಲೇ ಇದೀನಿ ಅನ್ನುತ್ತೆ, ಇವೆರಡರ ಜಗಳಕ್ಕೆ ಹೊಟ್ಟೆ ತಿರುಚುತ್ತೆ. ಸೆಟ್ಟಿಂಗ್‌ನಲ್ಲಿ ಟೆಲಿಪೋರ್ಟ್ (ನಡೆಯೋ ಬದಲು ಇಲ್ಲಿಂದ ಅಲ್ಲಿಗೆ ನೇರ ಹಾರೋದು), ಸ್ನ್ಯಾಪ್ ಟರ್ನ್ (ನಿಧಾನಕ್ಕಲ್ಲದೆ ಒಂದೇ ಸಲಕ್ಕೆ ತಿರುಗೋದು) ಇದ್ರೆ ಹಾಕ್ಕೊಳ್ಳಿ, ಓಡುವಾಗ ಅಂಚು ಕತ್ತಲೆ ಮಾಡೋ ಆಯ್ಕೆ ಇದ್ರೆ ಅದನ್ನೂ ಆನ್ ಮಾಡಿ. ಸ್ಟಾರ್ ವಾರ್ಸ್ ಸ್ಕ್ವಾಡ್ರನ್ಸ್ ಥರ ಕಾಕ್‌ಪಿಟ್‌ನಲ್ಲಿ ಕೂತು ಆಡೋವು ಕೆಲವರಿಗೆ ಸಲೀಸು, ಯಾಕಂದ್ರೆ ಸುತ್ತ ಅಲುಗಾಡದ ಚೌಕಟ್ಟು ಒಂದಿರುತ್ತೆ, ಆದ್ರೆ ವಿಮಾನ ಪಲ್ಟಿ ಹೊಡೆಸಿದ್ರೆ ಜವಾಬ್ದಾರಿ ನಿಮ್ಮದೇ. ಬೆವರೋಕೆ ಶುರುವಾದ ತಕ್ಷಣ ತೆಗೆದಿಡಿ. ಹಠ ಹಿಡಿದು ಈ ಲೆವೆಲ್ ಮುಗಿಸೇ ಏಳ್ತೀನಿ ಅಂತ ಕೂತು ನಾನು ಅರ್ಧ ದಿನ ಮಲಗಿದ್ದೀನಿ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಕೊಡಬಹುದಾ?

ಉತ್ತರ: ಬೇಡ. ಪ್ಲೇಸ್ಟೇಷನ್ ವಿಆರ್‌ಗೆ ಸೋನಿಯವರೇ 12 ವರ್ಷ ಅಂತಾರೆ, ಕ್ವೆಸ್ಟ್‌ಗೆ ಮೆಟಾ 10 ಅನ್ನುತ್ತೆ, ಅದೂ ಅಪ್ಪ ಅಮ್ಮ ನೋಡ್ಕೊಳ್ಳೋ ಅಕೌಂಟ್‌ನಲ್ಲಿ. ಕ್ವೆಸ್ಟ್‌ಗಾದ್ರೂ ಇನ್ನೆರಡು ವರ್ಷ ಕಾಯ್ಲಿ.

ಪ್ರಶ್ನೆ: ಫೋನ್ ಹಾಕೋ ರಟ್ಟಿನ ಡಬ್ಬದಲ್ಲೇ ಇದೆಲ್ಲ ಆಡಬಹುದಾ?

ಉತ್ತರ: ಆಗಲ್ಲ. ಅದಕ್ಕೆ ತಲೆ ತಿರುಗಿಸಿದ್ದು ಮಾತ್ರ ಗೊತ್ತಾಗುತ್ತೆ, ಒಂದು ಹೆಜ್ಜೆ ಮುಂದಿಟ್ರೆ ಗೊತ್ತಾಗಲ್ಲ, ಕೈಯಂತೂ ಇಲ್ಲವೇ ಇಲ್ಲ.

ಪ್ರಶ್ನೆ: ಬ್ಯಾಟ್‌ಮ್ಯಾನ್ ಅರ್ಕಂ ಶ್ಯಾಡೋ ಆಡೋ ಆಸೆ, ನನ್ ಹತ್ರ ಇರೋದು ಕ್ವೆಸ್ಟ್ 2.

ಉತ್ತರ: ಅಯ್ಯೋ, ಅದು ಕ್ವೆಸ್ಟ್ 3 ಮತ್ತೆ 3ಎಸ್‌ಗೆ ಮಾತ್ರ ಬಂದಿರೋದು. ಇರೋ ಹೆಡ್‌ಸೆಟ್‌ನಲ್ಲಿ ಐರನ್ ಮ್ಯಾನ್ ಆಡಿ, ಎರಡೂ ಗೇಮ್ ಮಾಡಿದವರು ಒಂದೇ ಕಂಪನಿಯವರೇ.