ಒಂದೇ ಟಿಕ್ಕಿನಲ್ಲಿ ನಿಂತ ಆನೆ ಸುದ್ದಿ

ಈ ಸಲ ನಾಲ್ಕು ಪತ್ರಗಳನ್ನು ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಮೊದಲನೆಯ ಪತ್ರದಲ್ಲಿ ಜೀವದ ಪ್ರಶ್ನೆ ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಹೋಗಿದೆ, ಉಳಿದವರು ಬೇಸರಪಟ್ಟುಕೊಳ್ಳಬಾರದು.

ಪ್ರಶ್ನೆ: ಮೇಡಂ, ನಮ್ಮದು ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಗಡಿಯ ಊರು. ಸುತ್ತಲಿನ ಆರು ಊರಿನವರು ಸೇರಿ ಕಾಡಾನೆಗಳ ಸುದ್ದಿ ತಿಳಿಸುವುದಕ್ಕೆಂದೇ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. 340 ಜನರಿದ್ದೇವೆ. ಒಂದು ದಿನ ಬೆಳಗ್ಗೆ 5.50ಕ್ಕೆ ಕೆಳಗಿನ ಊರಿನವರು ‘ಮೂರು ಆನೆ, ಕೆರೆ ಏರಿ ದಾಟಿ ಮೇಲಕ್ಕೆ ಬರುತ್ತಿವೆ’ ಎಂದು ಹಾಕಿದ್ದಾರೆ. ನನ್ನ ಮೊಬೈಲಿಗೆ ಅದು ಬಂದದ್ದು 7.15ಕ್ಕೆ. ಆ ಹೊತ್ತಿಗೆ ಕಾಫಿ ಹಣ್ಣು ಕೊಯ್ಯುವವರು ತೋಟಕ್ಕೆ ಇಳಿದಾಗಿತ್ತು. ದೇವರ ದಯೆ, ಆನೆಗಳು ಹಳ್ಳದ ಕಡೆ ತಿರುಗಿಕೊಂಡವು. ಫೋನ್ ಹೊಸದು, ಡೇಟಾ ಇತ್ತು. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದು ಗಂಟೆ ಇಪ್ಪತ್ತೈದು ನಿಮಿಷದಲ್ಲಿ ಮೂರು ಆನೆಗಳು ಎಷ್ಟು ತೋಟ ದಾಟಬಹುದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲು ಸಂದೇಶ ಹಾಕಿದವರ ಕಡೆಯಿಂದ ನೋಡೋಣ. ಗಡಿಯಾರದ ಗುರುತು ಇದ್ದರೆ ಸಂದೇಶ ಅವರ ಫೋನಿನಿಂದಲೇ ಹೊರಟಿಲ್ಲ. ಒಂದು ಟಿಕ್ ಬಂದರೆ ಕಂಪನಿಯ ಸರ್ವರ್ ಮುಟ್ಟಿದೆ, ಅಷ್ಟೇ. ಗುಂಪಿನಲ್ಲಿ ಎರಡು ಟಿಕ್ ಬೀಳುವುದು ಅಷ್ಟೂ ಸದಸ್ಯರ ಫೋನಿಗೆ ತಲುಪಿದ ಮೇಲೆ. 340 ಜನರಲ್ಲಿ ಯಾರಾದರೊಬ್ಬರ ಫೋನ್ ಆರಿಯೇ ಇರುತ್ತದೆ. ಹಾಗಾಗಿ ನಿಮ್ಮ ಗುಂಪಿನಲ್ಲಿ ಒಂದೇ ಟಿಕ್ ಕಾಣುವುದು ಮಾಮೂಲು, ಅದನ್ನು ನೋಡಿ ಯಾರಿಗೆ ತಲುಪಿತು, ಯಾರಿಗೆ ಇಲ್ಲ ಎಂದು ಹೇಳಲಾಗುವುದಿಲ್ಲ. ಸಂದೇಶದ ಮೇಲೆ ಬೆರಳನ್ನು ಒತ್ತಿ ಹಿಡಿದು ‘ಮಾಹಿತಿ’ ತೆರೆದರೆ ತಲುಪಿದವರ ಪಟ್ಟಿ ಸಿಗುತ್ತದೆ. ಕತ್ತಲಲ್ಲಿ ಆನೆ ಎದುರಿಗಿರುವಾಗ ಆ ಪಟ್ಟಿ ಓದುತ್ತಾ ನಿಲ್ಲಿ ಎಂದು ನಾನು ಯಾರಿಗೂ ಹೇಳಲಾರೆ.

ಇನ್ನು ನಿಮ್ಮ ಫೋನ್. ಬೇಲೂರು ತಾಲ್ಲೂಕಿನಲ್ಲಿರುವ ನನ್ನ ತಮ್ಮನ ಮನೆಯಲ್ಲೂ ಇದೇ ದೂರಿತ್ತು. ಹೋದ ಮಳೆಗಾಲದಲ್ಲಿ ಅವನ ಅಡುಗೆಮನೆಯಲ್ಲಿ ಕುಳಿತು ನೋಡಿದೆ. ಫೋನನ್ನು ಎತ್ತಿ ಪರದೆ ಹೊತ್ತಿಸಿದ ಕೂಡಲೇ ರಾತ್ರಿಯಿಂದ ತಡೆದು ನಿಂತಿದ್ದ ಹನ್ನೊಂದು ಸಂದೇಶಗಳು ಒಟ್ಟಿಗೆ ಟಣಟಣ ಎಂದು ಉದುರಿದವು. ನೆಟ್‌ವರ್ಕ್ ಇತ್ತು. ತಡೆದಿದ್ದದ್ದು ಬ್ಯಾಟರಿ ಉಳಿಸುವ ವ್ಯವಸ್ಥೆ. ಮುಟ್ಟದೆ ಇಟ್ಟ ಫೋನಿನಲ್ಲಿ ಅದು ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ, ಹೊಸ ಫೋನುಗಳಲ್ಲಿ ಇದು ಕೊಳ್ಳುವಾಗಲೇ ಚಾಲೂ ಇರುವುದುಂಟು. ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್‌ಆ್ಯಪ್ ಹುಡುಕಿ, ಬ್ಯಾಟರಿ ಎಂಬಲ್ಲಿ ‘ನಿರ್ಬಂಧವಿಲ್ಲ’ ಎಂದು ಮಾಡಿ. ಡೇಟಾ ಸೇವರ್ ಇದ್ದರೆ ಅದರಿಂದಲೂ ಈ ಆ್ಯಪ್ ಅನ್ನು ಹೊರಗಿಡಿ. ಬೆಳಗಾದರೆ ಹೂವಿನ ಚಿತ್ರಗಳು ಬರುತ್ತವೆಂದು ಗುಂಪನ್ನು ಮ್ಯೂಟ್ ಮಾಡಿದ್ದೀರಾ, ಅದನ್ನೂ ನೋಡಿ. ಶುಭೋದಯಕ್ಕೂ ಕಾಳುಮೆಣಸಿನ ಧಾರಣೆಗೂ ಬೇರೆ ಗುಂಪು ಮಾಡಿಕೊಳ್ಳಿ. ಆನೆ ಗುಂಪಿನಲ್ಲಿ ಆನೆಯ ಸುದ್ದಿಯ ಹೊರತು ಒಂದಕ್ಷರವೂ ಇರಬಾರದು. ಈ ವಿಷಯದಲ್ಲಿ ನೀವು ನಿಷ್ಠುರರಾದರೂ ಚಿಂತೆಯಿಲ್ಲ.

ಟವರ್ ವಿಷಯ. 700, 900 ಮೆಗಾಹರ್ಟ್ಸ್‌ನಂತಹ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತವೆ. 1800, 2300ರವು ಹೆಚ್ಚು ಡೇಟಾ ಹೊರುತ್ತವೆ, ಆದರೆ ಗುಡ್ಡದ ಮರೆಯಲ್ಲೂ ಮಳೆಗೆ ನೆನೆದ ಸಿಲ್ವರ್ ಓಕ್ ಎಲೆಗಳ ನಡುವೆಯೂ ಬೇಗ ಸೊರಗುತ್ತವೆ. ನಿಮ್ಮ ಮನೆಯಲ್ಲಿ ಎರಡು ಕಡ್ಡಿ ಕಾಣುವ ಕಂಪನಿಗೆ ಕೊಯ್ಲಿನ ಜಾಗದಲ್ಲಿ ಒಂದೂ ಇಲ್ಲದಿರಬಹುದು. ಎರಡನೇ ಸಿಮ್ ಬೇರೆ ಕಂಪನಿಯದಾಗಿರಲಿ. ಯಾವುದು ಎಲ್ಲಿ ಸಿಗುತ್ತದೆ ಎಂಬುದನ್ನು ಒಂದು ದಿನ ತೋಟದಲ್ಲೆಲ್ಲ ನಡೆದು ನೋಡಿ. ಮನೆಗೆ ಫೈಬರ್ ಇದ್ದರೆ, ಕರೆಂಟ್ ಹೋದಾಗ ರೂಟರ್‌ಗೆ ಸಣ್ಣ ಯುಪಿಎಸ್ ಇರಲಿ. ರೂಟರ್ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಉರಿದರೆ ಬೆಳಕು ಬರುವ ತಂತಿಯೇ ತುಂಡಾಗಿದೆ ಅಥವಾ ಮಡಚಿಕೊಂಡಿದೆ ಎಂದರ್ಥ. ಆಗ ರೂಟರನ್ನು ಹತ್ತು ಸಲ ಆರಿಸಿ ಹಚ್ಚಿದರೂ ಫಲವಿಲ್ಲ, ಲೈನ್‌ಮನ್‌ಗೇ ಹೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಇದೊಂದನ್ನೇ ನಂಬಿಕೊಂಡು ಆಳುಗಳನ್ನು ತೋಟಕ್ಕೆ ಇಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾನು ಹಾಸನದ ದೂರವಾಣಿ ಕೇಂದ್ರದಲ್ಲಿ ಟ್ರಂಕ್ ಕಾಲ್, ಅಂದರೆ ದೂರದೂರಿನ ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಸಾವು, ಅಪಘಾತದಂತಹ ಸುದ್ದಿಯನ್ನು ಇನ್ನೊಂದು ಕೇಂದ್ರಕ್ಕೆ ಹೇಳಿದ ಮೇಲೆ ಆ ಕಡೆಯವರು ಅದನ್ನು ತಿರುಗಿ ಹೇಳಬೇಕಿತ್ತು. ತಿರುಗಿ ಹೇಳುವ ತನಕ ನಾನು ಕಿವಿಯಿಂದ ಹೆಡ್‌ಸೆಟ್ ತೆಗೆಯುತ್ತಿರಲಿಲ್ಲ. ನಿಮಗೂ ಅದೇ ಬೇಕು. ಆರು ಊರಿಗೆ ಆರು ಜನರನ್ನು ಗೊತ್ತು ಮಾಡಿ. ಸುದ್ದಿ ಕಂಡ ತಕ್ಷಣ ಅವರು ‘ತಲುಪಿತು’ ಎಂದು ಬರೆಯಬೇಕು. ಐದು ನಿಮಿಷದಲ್ಲಿ ಯಾವ ಊರಿನಿಂದ ಉತ್ತರ ಬರಲಿಲ್ಲವೋ ಆ ಊರಿಗೆ ಕರೆ ಮಾಡಿ. ಕರೆ ಸಿಗದಿದ್ದರೆ ಎಸ್‌ಎಂಎಸ್ ಹಾಕಿ, ಅದಕ್ಕೆ ಡೇಟಾ ಬೇಕಿಲ್ಲ, ಕ್ಷೀಣ ಸಿಗ್ನಲ್ ಇರುವ ಕಡೆಯೂ ಹಲವು ಸಲ ನುಸುಳಿ ಹೋಗುತ್ತದೆ. ತೋಟದ ಲೆಕ್ಕ ನೋಡುವ ರೈಟರ್ ಮತ್ತು ಮೇಸ್ತ್ರಿಯ ಸಂಖ್ಯೆಗಳು, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂಖ್ಯೆ ಆಳುಗಳಿರುವ ಲೈನ್ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ನಮ್ಮ ಜಿಲ್ಲೆಯಲ್ಲಿ ಕೆಲವು ಆನೆಗಳಿಗೆ ಇರುವ ಜಾಗ ತಿಳಿಸುವ ಕೊರಳಪಟ್ಟಿ, ಅಂದರೆ ರೇಡಿಯೊ ಕಾಲರ್ ಇದೆ, ಎಲ್ಲಕ್ಕೂ ಇಲ್ಲ. ಒಂಟಿಯಾಗಿ ತಿರುಗುವ ಸಲಗದ ಸುದ್ದಿ ಕೊನೆಗೂ ಮನುಷ್ಯರ ಕಣ್ಣಿನಿಂದಲೇ ಬರಬೇಕು. 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆಯೊಂದಿಗೆ ಕಾದಾಡಿ ದಸರಾ ಆನೆ ಅರ್ಜುನ ಸತ್ತದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಪಳಗಿದ, ಮಾವುತನಿದ್ದ, ಅಷ್ಟು ಬಲಶಾಲಿ ಆನೆಗೇ ಹಾಗಾಯಿತು. ಬುಟ್ಟಿ ಹಿಡಿದು ಹೋಗುವ ಹೆಣ್ಣುಮಗಳ ಕೈಯಲ್ಲಿ ಏನಿದೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿನ ಅಡ್ಮಿನ್. ಸಂಘದ ಸದಸ್ಯೆಯೊಬ್ಬರ ನಂಬರಿನಿಂದ ‘ಅಕ್ಕ, ತಪ್ಪಿ ನಿಮಗೆ ಆರು ಅಂಕಿಯ ಕೋಡ್ ಬಂದಿದೆ, ಕಳುಹಿಸಿ’ ಎಂದು ಬಂತು. ಪರಿಚಯದವರಲ್ಲವೇ ಎಂದು ಕಳುಹಿಸಿದೆ. ಮರುಗಳಿಗೆಯೇ ನನ್ನ ವಾಟ್ಸ್‌ಆ್ಯಪ್ ನನ್ನ ಕೈತಪ್ಪಿತು. ನನ್ನ ಹೆಸರಿನಲ್ಲಿ ಎಲ್ಲರ ಬಳಿ ದುಡ್ಡು ಕೇಳಿದ್ದಾರೆ, ಒಬ್ಬರು 8,000 ರೂಪಾಯಿ ಹಾಕಿಬಿಟ್ಟಿದ್ದಾರೆ. ಸಂಘಕ್ಕೆ ಮುಖ ತೋರಿಸಲು ಆಗುತ್ತಿಲ್ಲ.

ಉತ್ತರ: ತಂಗಿ, ಮೊದಲು ಮುಖ ತೋರಿಸಿ. ಕಳ್ಳರಿಗೆ ಬೇಕಿರುವುದೇ ನಿಮ್ಮ ಈ ನಾಚಿಕೆ. ನೀವು ಬಾಯಿ ಮುಚ್ಚಿಕೊಂಡಿರುವ ಪ್ರತಿ ಗಂಟೆಯೂ ಅವರಿಗೆ ಲಾಭ. ಕೋಡ್ ಕೇಳಿದ್ದು ಆ ಸದಸ್ಯೆಯಲ್ಲ, ಆಕೆಯ ಖಾತೆ ನಿಮಗಿಂತ ಮೊದಲೇ ಕಳ್ಳರ ಪಾಲಾಗಿತ್ತು. ಅವರನ್ನು ಬೈಯಬೇಡಿ.

ಹಣ ಹಾಕಿದವರು ಈ ಕ್ಷಣವೇ 1930ಕ್ಕೆ ಕರೆ ಮಾಡಲಿ. ಸೈಬರ್ ವಂಚನೆಗೆಂದು ಇಡೀ ದೇಶಕ್ಕೆ ಇರುವ ಸಹಾಯವಾಣಿ ಅದು. ಹಣ ಹೋದ ದಿನ, ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಅವಕಾಶವಿದೆ. ಬ್ಯಾಂಕಿಗೂ ತಿಳಿಸಿ, ಸೈಬರ್ ಠಾಣೆಗೆ ಲಿಖಿತ ದೂರು ಕೊಡಿ.

ನೀವು ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು ನಿಮ್ಮದೇ ನಂಬರನ್ನು ಮತ್ತೆ ನೋಂದಾಯಿಸಿ. ಎಸ್‌ಎಂಎಸ್‌ನಲ್ಲಿ ಬರುವ ಹೊಸ ಕೋಡ್ ಹಾಕಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅವನು ಅಷ್ಟರಲ್ಲಿ ತನ್ನದೊಂದು ಪಿನ್ ಹಾಕಿಟ್ಟಿದ್ದರೆ, ನಿಮಗೆ ಒಳಗೆ ಹೋಗಲು ಏಳು ದಿನ ಕಾಯಬೇಕಾಗುತ್ತದೆ. ಆದರೆ ಆ ಏಳು ದಿನ ಅವನೂ ಒಳಗಿರುವುದಿಲ್ಲ, ಧೈರ್ಯವಾಗಿರಿ. ಒಳಗೆ ಹೋದ ಮೇಲೆ ‘ಲಿಂಕ್ ಆದ ಸಾಧನಗಳು’ ಎಂಬಲ್ಲಿ ನಿಮ್ಮದಲ್ಲದ್ದನ್ನೆಲ್ಲ ಹೊರಹಾಕಿ. ‘ಎರಡು ಹಂತದ ಪರಿಶೀಲನೆ’ಯಲ್ಲಿ ನಿಮ್ಮ ಪಿನ್ ಇಡಿ, ಜೊತೆಗೆ ಇ-ಮೇಲ್ ವಿಳಾಸವನ್ನೂ ಕೊಡಿ. ಮಗಳು ಹುಟ್ಟಿದ ವರ್ಷವನ್ನು ಪಿನ್ನಿನಲ್ಲಿ ಸೇರಿಸಬೇಡಿ.

ಕೋಡ್ ಫೋನ್ ಕರೆಯ ಮೂಲಕವೂ ಬರುತ್ತದೆ. ಆದ್ದರಿಂದ ‘ಪಾರ್ಸಲ್ ಬಂದಿದೆ, ಈ ಅಂಕಿ ಒತ್ತಿ’ ಎಂದು ಯಾರಾದರೂ ಹೇಳಿ, ಸ್ಟಾರ್‌ನಿಂದ ಶುರುವಾಗುವ ಸಂಖ್ಯೆಯನ್ನು ನಿಮ್ಮಿಂದ ಒತ್ತಿಸಿದ್ದರೆ, ನಿಮ್ಮ ಕರೆಗಳು ಅವರ ಫೋನಿಗೆ ತಿರುಗಿರಬಹುದು. ##002# ಒತ್ತಿ ಕರೆ ಮಾಡಿದರೆ ತಿರುವು ರದ್ದಾಗುತ್ತದೆ. ಸಂಘದ ಗುಂಪಿಗೆ ಇನ್ನೊಬ್ಬರು ಅಡ್ಮಿನ್ ಇರಲಿ, ನಿಮ್ಮ ಖಾತೆ ಹೋದ ದಿನ ಅದನ್ನು ಗುಂಪಿನಿಂದ ತೆಗೆಯಲು ಯಾರಾದರೂ ಬೇಕಲ್ಲ. ಗುಂಪಿಗೆ ಸೇರುವ ಲಿಂಕನ್ನು ಎಲ್ಲಾದರೂ ಹಂಚಿದ್ದರೆ ಇವತ್ತೇ ಬದಲಿಸಿ. ಆಮೇಲೆ ಸಂಘದ ವಾರದ ಸಭೆಗೆ ಹೋಗಿ ಆದದ್ದನ್ನು ಆದ ಹಾಗೆಯೇ ಹೇಳಿ. ಇನ್ನೂ ಮೂವರಿಗೆ ಅದೇ ಸಂದೇಶ ಬಂದಿರುವುದು ಅಲ್ಲಿ ಗೊತ್ತಾದರೆ ನನಗೆ ಆಶ್ಚರ್ಯವಿಲ್ಲ.

ಪ್ರಶ್ನೆ: ಮೂಡಿಗೆರೆಯಲ್ಲಿ ಓದುತ್ತಿದ್ದೇನೆ. ಮೊಬೈಲ್ ಡೇಟಾದಲ್ಲಿ ಯಾವ ಜಾಲತಾಣಕ್ಕೆ ಹೋದರೂ ‘ನೀವು ಮನುಷ್ಯರೇ’ ಎಂದು ಕೇಳಿ, ಬಸ್ಸು ಇರುವ ಚೌಕಗಳನ್ನು ಗುರುತಿಸು ಎನ್ನುತ್ತದೆ. ನನ್ನ ಫೋನಿಗೆ ವೈರಸ್ ಬಂದಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಅಂತರಜಾಲದಲ್ಲಿ ಫೋನು, ಕಂಪ್ಯೂಟರುಗಳನ್ನು ಗುರುತಿಸುವ ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಅವು ಸಾಲದೆ ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಅವರಲ್ಲೊಬ್ಬ ಕಿಡಿಗೇಡಿಯಾದರೂ ಅನುಮಾನ ಎಲ್ಲರ ಮೇಲೆ ಬೀಳುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ಬೇರೆ ವಿಳಾಸ ಸಿಗಬಹುದು. ನಿನ್ನ ವಿಳಾಸ ಮರೆಮಾಡುವ ಉಚಿತ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಅದನ್ನು ಕಿತ್ತುಹಾಕು, ತೊಂದರೆಯ ಮೂಲ ಹೆಚ್ಚಾಗಿ ಅದೇ. ಜಾಲತಾಣ ತೆರೆಯುವುದೇ ಇಲ್ಲ, ‘ಸುರಕ್ಷಿತವಲ್ಲ’ ಎನ್ನುತ್ತದೆ ಎಂದಾದರೆ ಫೋನಿನ ದಿನಾಂಕ ಸರಿಯಿದೆಯೇ ನೋಡು. ದಿನಾಂಕ ಹಿಂದೆಮುಂದೆ ಆಗಿದ್ದರೆ ತಾಣ ಅಸಲಿ ಎಂದು ತೋರಿಸುವ ಪ್ರಮಾಣಪತ್ರದ ಅವಧಿ ತಾಳೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಊರ ಗುಂಪಿನಲ್ಲಿ ‘ಮದುವೆಯ ಕರೆಯೋಲೆ’ ಎಂಬ ಎಪಿಕೆ ಫೈಲ್ ಬಂದಿದೆ. ತೆರೆಯಬಹುದೇ? (ಬೇಲೂರು)

ಉತ್ತರ: ಬೇಡ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಎಪಿಕೆ ಎಂದರೆ ಆ್ಯಪ್. ತೆರೆದು ಒಪ್ಪಿಗೆ ಕೊಟ್ಟರೆ ನಿಮ್ಮ ಎಸ್‌ಎಂಎಸ್‌ಗಳನ್ನೂ ಒಟಿಪಿಗಳನ್ನೂ ಅದು ಓದಬಲ್ಲದು. ಕಳುಹಿಸಿದವರಿಗೆ ಫೋನ್ ಮಾಡಿ ಹೇಳಿ, ಅವರ ಫೋನ್ ಈಗಾಗಲೇ ಕೆಟ್ಟವರ ಕೈಯಲ್ಲಿರಬಹುದು. ಗುಂಪಿನ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸಲಿ. ಈ ಪತ್ರಿಕೆ ನಿಮ್ಮ ಕೈಸೇರುವ ಮೊದಲೇ ತೆರೆದಾಗಿದ್ದರೆ ಡೇಟಾ, ವೈಫೈ ಎರಡನ್ನೂ ಆರಿಸಿ, ಪಕ್ಕದ ಮನೆಯ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ.