ಮಧ್ಯಾಹ್ನಕ್ಕೆ ಓಡುವ ಪಟ್ಟಿಗಳು

ಪ್ರಶ್ನೆ: ಕಾಲೇಜಿನ ಲ್ಯಾಬಿಗೆ ಮೈಕೆಲ್ಸನ್ ಇಂಟರ್‌ಫೆರೋಮೀಟರನ್ನು (ಬೆಳಕನ್ನು ಎರಡು ಕೈಗಳಿಗೆ ಸೀಳಿ, ಕನ್ನಡಿಗಳಿಂದ ಮರಳಿಸಿ ಮತ್ತೆ ಕೂಡಿಸುವ ಉಪಕರಣ) ಪೂರ್ತಿ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲೇ ತ್ರೀಡಿ ಪ್ರಿಂಟ್ ಮಾಡಿದ್ದೇವೆ. 650 ನ್ಯಾನೊಮೀಟರ್ ಕೆಂಪು ಲೇಸರ್, ಒಂದೊಂದು ಕೈ 80 ಮಿ.ಮೀ. ಬೆಳಿಗ್ಗೆ ವ್ಯತಿಕರಣ ಪಟ್ಟಿಗಳು (ಆ ಬೆಳಕು ಕೂಡಿದಲ್ಲಿ ಮೂಡುವ ಬೆಳಕು-ಕತ್ತಲೆಯ ಗೆರೆಗಳು) ನಿಂತಿರುತ್ತವೆ, ಮಧ್ಯಾಹ್ನ ಓಡತೊಡಗುತ್ತವೆ. ವಾರ ಬಿಟ್ಟು ನೋಡಿದರೆ ಕನ್ನಡಿಯೇ ವಾಲಿರುತ್ತದೆ. ಪ್ರಿಂಟರ್ ಸರಿಯಿಲ್ಲವೇ?
— ಭೌತಶಾಸ್ತ್ರ ಉಪನ್ಯಾಸಕಿ, ಕಾರವಾರ

ಉತ್ತರ: ಪ್ರಿಂಟರಿನ ತಪ್ಪಲ್ಲ. ಪಟ್ಟಿ ಓಡುವುದಕ್ಕೂ ಕನ್ನಡಿ ವಾಲುವುದಕ್ಕೂ ಕಾರಣ ಬೇರೆ ಬೇರೆ.

ಪಿಎಲ್‌ಎ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 70 ಮೈಕ್ರಾನ್ ಹಿಗ್ಗುತ್ತದೆ. ಅಂದರೆ 80 ಮಿ.ಮೀ. ಕೈ ಒಂದು ಡಿಗ್ರಿಗೆ 5.6 ಮೈಕ್ರಾನ್. ಕನ್ನಡಿ 0.325 ಮೈಕ್ರಾನ್, ಅಂದರೆ ಲೇಸರಿನ ಅಲೆಯುದ್ದದ ಅರ್ಧದಷ್ಟು, ಸರಿದರೆ ಒಂದು ಪಟ್ಟಿ ದಾಟುತ್ತದೆ. ಒಂದೇ ಕೈ ಬಿಸಿಯಾದರೆ ಹದಿನೇಳು ಪಟ್ಟಿ ಓಡಿಹೋಯಿತು! ಅಲ್ಯೂಮಿನಿಯಂ ಆದರೆ ಐದಾರು. ಆದ್ದರಿಂದ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಲಗೆಯನ್ನೇ ತಳಕ್ಕೆ ಹಾಕಿ. ಕೈಗಳು ಸಮ ಉದ್ದವಿರಲಿ, ಆಗ ಎರಡೂ ಒಟ್ಟಿಗೆ ಹಿಗ್ಗಿ ವ್ಯತ್ಯಾಸ ಬಹುಪಾಲು ಅಳಿಯುತ್ತದೆ. ಕಿಟಕಿಯ ಬಿಸಿಲು ಒಂದೇ ಬದಿಗೆ ಬಿದ್ದರೆ ಈ ಉಪಾಯ ಫಲಿಸದು.

ಕನ್ನಡಿ ವಾಲುವುದು ಅದರ ಹಿಡಿಕೆಯನ್ನು ಹೊಂದಿಸುವ ಸ್ಕ್ರೂಗಳಿಗೆ ಒತ್ತಿ ಹಿಡಿಯುವ ಸ್ಪ್ರಿಂಗಿನ ಒತ್ತಡದಿಂದ. ಎಡೆಬಿಡದೆ ಒತ್ತಿದರೆ ಪಿಎಲ್‌ಎ ಕೋಣೆಯ ಉಷ್ಣತೆಯಲ್ಲೂ ನಿಧಾನಕ್ಕೆ ಬಗ್ಗುತ್ತದೆ. ಪ್ಲಾಸ್ಟಿಕ್ಕಿನಲ್ಲೇ ಸ್ಕ್ರೂವಿನ ತಿರುಪು ಕೊರೆದಿದ್ದರೆ ಅದೂ ಸಡಿಲವಾಗುತ್ತದೆ. ಎಂ3 (3 ಮಿ.ಮೀ. ಸ್ಕ್ರೂವಿನ) ಹಿತ್ತಾಳೆ ಇನ್ಸರ್ಟನ್ನು, ಅಂದರೆ ಒಳಗೆ ತಿರುಪಿರುವ ಪುಟ್ಟ ಕೊಳವೆಯನ್ನು, 220 ಡಿಗ್ರಿಯ ಸೋಲ್ಡರಿಂಗ್ ಐರನ್ನಿನಿಂದ 4 ಮಿ.ಮೀ. ತೂತಿಗೆ ನೆಟ್ಟಗೆ ಇಳಿಸಿ. ತೂತು ನಕ್ಷೆಗಿಂತ 0.1–0.2 ಮಿ.ಮೀ. ಕಿರಿದಾಗಿ ಪ್ರಿಂಟಾಗುವುದು ಸಾಮಾನ್ಯ, ಮೊದಲು ಸಣ್ಣ ತುಂಡಿನಲ್ಲಿ ಪರೀಕ್ಷಿಸಿ. ಸ್ಕ್ರೂ ತುದಿ ಊರುವ ಜಾಗಕ್ಕೆ ಸ್ಟೇನ್‌ಲೆಸ್ ತಗಡಿನ ಚೂರೊಂದನ್ನು ಅರಾಲ್ಡೈಟ್ ಅಂಟಿನಿಂದ ಅಂಟಿಸಿ, ಮೆದು ಸ್ಪ್ರಿಂಗ್ ಬಳಸಿ. ಕಡಲ ಗಾಳಿಗೆ ಮಾಮೂಲಿ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ, ಅದೂ ಸ್ಟೇನ್‌ಲೆಸ್ಸೇ ಇರಲಿ. ಕನ್ನಡಿಯ ಬೆನ್ನಿಗೆ ಪೂರ್ತಿ ಅಂಟು ಬಳಿಯಬೇಡಿ. ಅಂಟು ಒಣಗಿ ಕುಗ್ಗುವಾಗ ಗಾಜನ್ನು ಬಗ್ಗಿಸುತ್ತದೆ. ಸಿಲಿಕೋನಿನ ಮೂರು ಚುಕ್ಕೆ ಸಾಕು.

ಮಳೆಗಾಲದಲ್ಲಿ ಪ್ರಿಂಟರಿನ ನಾಝಲ್ (ಕರಗಿದ ಪ್ಲಾಸ್ಟಿಕ್ ಬಿಡುವ ಮೂತಿ) ಚಟಪಟ ಸದ್ದು ಮಾಡಿ ನೂಲು ಬಿಟ್ಟರೆ ಫಿಲಮೆಂಟಿಗೆ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆಗೆ) ತೇವ ಹಿಡಿದಿದೆ ಎಂದೇ ಅರ್ಥ. 45–50 ಡಿಗ್ರಿಯಲ್ಲಿ ಐದಾರು ತಾಸು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ.

ಮುಂದೆ ಶಕ್ತಿಶಾಲಿ ಲೇಸರ್ ತಂದರೆ ಕಿರಣ ತಾಗುವಲ್ಲಿ ಪ್ಲಾಸ್ಟಿಕ್ ಬೇಡವೇ ಬೇಡ. ಸುಟ್ಟ ಹೊಗೆ ಲೆನ್ಸಿನ ಮೇಲೆ ಕೂರುತ್ತದೆ. ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಫಿಲಮೆಂಟುಗಳು ಇನ್‌ಫ್ರಾರೆಡ್ ಕಿರಣವನ್ನು ಒಳಗಿನಿಂದ ಹಾಯಗೊಡುತ್ತವೆ, ಅವನ್ನು ತಡೆಗೋಡೆಯೆಂದು ನಂಬಿದರೆ ಕಣ್ಣಿಗೇ ಅಪಾಯ.

ಪ್ರಶ್ನೆ: ಇಂಥ ತ್ರೀಡಿ ಪ್ರಿಂಟರಿನಲ್ಲಿ ಲೆನ್ಸ್ ಮಾಡಬಹುದೇ?
— ವಿದ್ಯಾರ್ಥಿ, ಶಿರಸಿ

ಉತ್ತರ: ಆಗದು. ಪ್ರಿಂಟಿನ ಒಂದು ಪದರವೇ 0.1–0.2 ಮಿ.ಮೀ. ದಪ್ಪ, ಬೆಳಕಿನ ಅಲೆಯುದ್ದ ಅದರ ನೂರರಲ್ಲೊಂದು ಪಾಲೂ ಇಲ್ಲ. ಗಾಜಿನ ಲೆನ್ಸ್ ಕೊಂಡು ಹಿಡಿಕೆಯನ್ನಷ್ಟೇ ಪ್ರಿಂಟ್ ಮಾಡಿ, 25.4 ಮಿ.ಮೀ. ಲೆನ್ಸಿಗೆ 25.6ರ ತೂತು ಕೊಟ್ಟು ನೋಡಿ.